ಕರುಣೆಯ ಕಲ್ಲು

ದೊಡ್ಡಗದ್ದವಳ್ಳಿಗೆ ಲಕ್ಷ್ಮೀದೇವಿ ಗುಡಿಯಿದೆ. ಗೊರೂರಿಗೆ ಅಣೆಕಟ್ಟಿದೆ. ಬಿದಿರುಕೊಪ್ಪಲಿಗೆ ಏನಿದೆ ಎಂದು ಹಾಸನದ ಜಿಲ್ಲಾ ಕಚೇರಿಯಿಂದ ಕೇಳಿ ಕಳಿಸಿದಾಗ ಪಂಚಾಯಿತಿಯವರು ತಲೆ ಕೆರೆದುಕೊಂಡರು. ಪಾರಂಪರಿಕ ಗ್ರಾಮ ಅನ್ನಿಸಿಕೊಳ್ಳಬೇಕಾದರೆ ಏನಾದರೊಂದು ಪರಂಪರೆ ಇರಬೇಕು. ಚನ್ನಿಗರಾಯನ ಗುಡಿಯಿತ್ತು ನಿಜ. ಆದರೆ ಭಕ್ತರು ಹೋದ ವರ್ಷವಷ್ಟೇ ಅದಕ್ಕೆ ಬಚ್ಚಲಮನೆಯ ಟೈಲ್ಸ್ ಹಾಕಿಸಿ, ಗೋಪುರಕ್ಕೆ ಗುಲಾಬಿ ಬಣ್ಣ ಹೊಡೆಸಿ, ಹಳೆಯದರ ಸುಳಿವೇ ಸಿಗದ ಹಾಗೆ ಜೀರ್ಣೋದ್ಧಾರ ಮುಗಿಸಿದ್ದರು. ಉಳಿದದ್ದು ಒಂದು ಕಲ್ಲು.

ಗುಡಿ ಬೀದಿ ಶುರುವಾಗುವ ಕಡೆ, ಎರಡು ಕಂಬ ನೆಟ್ಟು ಮೇಲೊಂದು ಚಪ್ಪಡಿ ಕೂರಿಸಿದ ಹೊರೆಗಲ್ಲು ಅದು. ತಲೆಯ ಮೇಲಿನ ಮೂಟೆಯನ್ನು ಯಾರ ಸಹಾಯವೂ ಇಲ್ಲದೆ ಹಾಗೇ ಜಾರಿಸಿ ಇಡಬಹುದಾದಷ್ಟು ಎತ್ತರ. ಬೇರೆ ಊರುಗಳಲ್ಲಿ ಇಂಥ ಕಲ್ಲನ್ನು ದಾರಿಹೋಕರಿಗೆಂದು ನೆಟ್ಟಿರುತ್ತಾರೆ. ಬಿದಿರುಕೊಪ್ಪಲಿನದು ಬೇರೆ ಲೆಕ್ಕ. ಕೇರಿಯವರ ತಲೆಯ ಮೇಲಿನ ಹೊರೆಗೆ ಮೇಲಿನ ಬೀದಿಯವರು ಕೈ ಹಾಕುತ್ತಿರಲಿಲ್ಲ. ಹಾಕಿದರೆ ಮೈ ತಾಗುತ್ತದೆ. ಹಾಗಂತ ಹೊರೆ ಬೇಡ ಅನ್ನುವುದಕ್ಕಾಗುತ್ತದೆಯೇ? ಅದಕ್ಕೇ ಪಟೇಲರ ಮುತ್ತಜ್ಜ ಈ ಕಲ್ಲು ನೆಡಿಸಿದ. ಕೇರಿಯವರು ತಂದು ಅದರ ಮೇಲಿಟ್ಟು ಹಿಂದೆ ಸರಿಯಬೇಕು. ಮೇಲಿನವರು ನೀರು ಚಿಮುಕಿಸಿ ಎತ್ತಿಕೊಂಡು ಹೋಗಬೇಕು. ಕಲ್ಲಿನಾಚೆಗೆ ಕೇರಿಯವರ ಕಾಲು ಹೋಗಬಾರದು. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತಿದ್ದದ್ದರಿಂದಲೇ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಈಗ ಅದಕ್ಕೆ ಬಣ್ಣದ ಬೋರ್ಡು ತಯಾರಾಯಿತು. ‘ವಿಶ್ರಾಂತಿ ಶಿಲೆ. ದುಡಿದು ದಣಿದು ಬರುತ್ತಿದ್ದ ಶ್ರಮಜೀವಿಗಳ ಆಯಾಸ ಕಂಡು ಮರುಗಿದ ಪಟೇಲ್ ವಂಶದ ಹಿರಿಯರು ಸ್ಥಾಪಿಸಿದ ಕರುಣೆಯ ಕುರುಹು.’ ಬರೆದವನು ಪಿಡಿಒ ನಾಗೇಶ್. ಬರೆಸಿದವನು ಪಂಚಾಯಿತಿ ಉಪಾಧ್ಯಕ್ಷ ತಮ್ಮಣ್ಣ. ಅವನೇ ಈಗಿನ ಪಟೇಲರ ಮನೆಯ ಯಜಮಾನ.

ಅಧ್ಯಕ್ಷೆ ರೇವಮ್ಮ. ಪರಿಶಿಷ್ಟ ಜಾತಿ ಮಹಿಳೆ ಎಂದು ಮೀಸಲಾತಿ ಬಂದದ್ದರಿಂದ, ಬೇರೆ ದಾರಿಯಿಲ್ಲದೆ, ಕೇರಿಯ ರೇವಮ್ಮ ಅಧ್ಯಕ್ಷೆಯಾದಳು. ಆಫೀಸಿನಲ್ಲಿ ತಿರುಗುವ ಕುರ್ಚಿ ಅವಳದು. ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡುವ ಬಾಯಿ ತಮ್ಮಣ್ಣನದು. ಅವನು ಅವಳನ್ನು ಆಫೀಸಿನಲ್ಲಿ ‘ಅಧ್ಯಕ್ಷ್ರೇ’ ಅನ್ನುತ್ತಿದ್ದ, ಬೀದಿಯಲ್ಲಿ ‘ರೇವಮ್ಮ’ ಅನ್ನುತ್ತಿದ್ದ, ನಾಟಿ ಗದ್ದೆಯಲ್ಲಿ ‘ಲೇ ರೇವಿ’ ಅನ್ನುತ್ತಿದ್ದ. ಅವಳು ಬಂದ ಮೇಲೆ ಪಂಚಾಯಿತಿಯಲ್ಲಿ ಶುಚಿತ್ವವೂ ಹೆಚ್ಚಾಯಿತು. ಸ್ಟೀಲಿನ ಲೋಟಗಳು ಬೀರು ಸೇರಿ, ಎಲ್ಲರಿಗೂ ಕಾಗದದ ಕಪ್ಪಿನಲ್ಲಿ ಟೀ ಬರತೊಡಗಿತು. ಆರೋಗ್ಯದ ದೃಷ್ಟಿಯಿಂದ ಎಂದು ತಮ್ಮಣ್ಣ ಹೇಳಿದ. ಯಾರ ಆರೋಗ್ಯ ಎಂದು ರೇವಮ್ಮ ಕೇಳಲಿಲ್ಲ. ಟೀ ಕುಡಿದು ಕಪ್ಪನ್ನು ಹಿಸುಕಿ ಬುಟ್ಟಿಗೆ ಹಾಕುತ್ತಿದ್ದಳು.

ಅವಳಿಗೆ ನಾಲೆ ಕೆಳಗೆ ತುಂಡು ಗದ್ದೆಯಿತ್ತು. ಆ ಗದ್ದೆಯ ಹೊಸ ಭತ್ತದಲ್ಲಿ ಮೊದಲ ಮೂಟೆ ಚನ್ನಿಗರಾಯನಿಗೆ ಹೋಗಬೇಕು ಎಂಬುದು ನಡೆದು ಬಂದ ಕಟ್ಟು. ಊರಿಗೆ ಟ್ರ್ಯಾಕ್ಟರು ಬಂತು, ಗೂಡ್ಸ್ ಆಟೊ ಬಂತು. ಈ ಮೂಟೆ ಮಾತ್ರ ತಲೆಯ ಮೇಲೆಯೇ ಹೋಗಬೇಕು, ಕಲ್ಲಿನ ಮೇಲೆಯೇ ಇಳಿಯಬೇಕು. ಮೊದಲು ಅವಳ ಮಾವ ಮಂಚಯ್ಯ ಹೊತ್ತ. ಅವನ ನಡು ಬಗ್ಗಿದ ಮೇಲೆ ಗಂಡ ಹೊತ್ತ. ಗಂಡ ತೀರಿಕೊಂಡ ಮೇಲೆ ಅವಳೇ ಹೊತ್ತಳು. ಅಧ್ಯಕ್ಷೆಯಾದ ಮೇಲೂ ಹೋದ ವರ್ಷ ಹೊತ್ತಳು. ಯಾರಾದರೂ ನೋಡಿಯಾರು ಎಂದು ಬೆಳಕು ಹರಿಯುವ ಮುಂಚೆಯೇ ಹೋಗಿ ಇಟ್ಟು ಬಂದಿದ್ದಳು. ಆವತ್ತು ಹನ್ನೊಂದು ಗಂಟೆಗೆ ಹೋಗಿ ತಿರುಗುವ ಕುರ್ಚಿಯಲ್ಲಿ ಕೂತಾಗ ಕುತ್ತಿಗೆ ತಿರುಗುತ್ತಿರಲಿಲ್ಲ. ಬಲಗಡೆ ಕೂತಿದ್ದವರ ಜೊತೆ ಮಾತಾಡಲು ಕುರ್ಚಿಯನ್ನೇ ತಿರುಗಿಸಿದಳು. ಕುರ್ಚಿಯಿಂದ ಅಷ್ಟಾದರೂ ಉಪಯೋಗವಾಯಿತು.

ಕಲ್ಲಿನ ಸಮಾರಂಭದ ಸಭೆ ಸಂಕ್ರಾಂತಿಗೆ ಮುಂಚೆ ನಡೆಯಿತು. ನಾಗೇಶ್ ಕಾರ್ಯಕ್ರಮದ ವಿವರ ಓದಿದ. ಹಾಸನದಿಂದ ಅಧಿಕಾರಿ ತೇಜಸ್ವಿನಿ ಮೇಡಂ ಬರುತ್ತಾರೆ. ಊರು ಪಾರಂಪರಿಕ ಗ್ರಾಮಗಳ ಪಟ್ಟಿಗೆ ಸೇರುತ್ತದೋ ಇಲ್ಲವೋ ಅವರ ಕೈಯಲ್ಲಿದೆ. ಕಲ್ಲಿಗೂ ಎದುರಿನ ಲೈಟು ಕಂಬಕ್ಕೂ ಅಡ್ಡವಾಗಿ ರಿಬ್ಬನ್ನು. ಅಧ್ಯಕ್ಷರು ಅದನ್ನು ಕತ್ತರಿಸುತ್ತಾರೆ.

“ಅಧ್ಯಕ್ಷ್ರು ಕೆಳಗಡೆ ನಿಂತ್ಕಂಡು ಕತ್ತರಿಸ್ಲಿ,” ಅಂದ ತಮ್ಮಣ್ಣ. “ನಾವೆಲ್ಲ ಮೇಲ್ಗಡೆ ಇರ್ತೀವಿ. ಫೋಟೋಗೆ ಚೆನ್ನಾಗಿರ್ತದೆ.”

“ಕತ್ತರ್ಸಿದ್ ಮ್ಯಾಲೆ?” ಎಂದಳು ರೇವಮ್ಮ.

“ಅಲ್ಲೇ ಒಂದ್ ಚೇರ್ ಆಕ್ಸ್ತೀನಲ್ಲ, ಶಾಮಿಯಾನನೂ ಆಕ್ಸ್ತೀನಿ. ಬಿಸ್ಲು ಬೀಳಾಕಿಲ್ಲ ನಿಮ್ಗೆ.”

ಎಲ್ಲರೂ ತಮ್ಮಣ್ಣನ ಮುಂದಾಲೋಚನೆಗೆ ತಲೆದೂಗಿದರು. ನಾಗೇಶ್ ಮುಂದಿನದನ್ನು ಓದಿದ. “ಪ್ರಾತ್ಯಕ್ಷಿಕೆ. ಹಿರಿಯರಾದ ಮಂಚಯ್ಯನವರು ಸಾಂಪ್ರದಾಯಿಕ ಉಡುಪಿನಲ್ಲಿ ಹೊರೆ ಹೊತ್ತು ತಂದು ಶಿಲೆಯ ಮೇಲೆ ಇಳಿಸಿ ವಿಶ್ರಮಿಸುತ್ತಾರೆ.”

ರೇವಮ್ಮ ಕುರ್ಚಿಯನ್ನು ತಿರುಗಿಸಿದಳು. “ನಮ್ ಮಾವನಾ?”

“ಬೇರೆ ಯಾರವ್ರೆ ಹೇಳಿ? ಒತ್ತೋರಲ್ಲಿ ಉಳ್ದಿರೋದು ಅವ್ರೊಬ್ರೆ. ಅವ್ರೂ ಪರಂಪರೆನೇ ಅಲ್ವಾ?” ತಮ್ಮಣ್ಣನ ದನಿಯಲ್ಲಿ ನಿಜವಾದ ಗೌರವವಿತ್ತು. “ಹೊಸ ಕಂಬ್ಳಿ ಕೊಡ್ಸ್ತೀವಿ. ಶಾಲು ಆಕ್ಸ್ತೀವಿ. ಮೂಟೇಗೂ ಬರೀ ಹುಲ್ಲು ತುಂಬ್ಸ್ತೀನಿ. ವಯಸ್ಸಾದೋರ್ನ ನೋಯ್ಸಬಾರ್ದು.”

“ಕೇಳ್ನೋಡ್ತೀನಿ,” ಎಂದಳು ರೇವಮ್ಮ. ಅವಳ ಮಾತಿಗೆ ಸಭೆ ಸರ್ವಾನುಮತದ ಒಪ್ಪಿಗೆ ಎಂದು ಅರ್ಥ ಮಾಡಿಕೊಂಡಿತು.

ಮಂಚಯ್ಯ ಮನೆಯ ಮುಂದೆ ಬಿಸಿಲು ಕಾಯಿಸುತ್ತ ಕೂತಿದ್ದ. ಅವನ ನೆತ್ತಿಯ ಮೇಲೆ ಮುಷ್ಟಿಯಗಲ ಕೂದಲಿಲ್ಲ. ವಯಸ್ಸಿಗೆ ಬೋಳಾದದ್ದಲ್ಲ, ಸಿಂಬೆ ಇಟ್ಟು ಇಟ್ಟು ಸವೆದದ್ದು. ರೇವಮ್ಮ ಎಲ್ಲವನ್ನೂ ಹೇಳಿದಳು. ಮೇಡಂ, ಕಂಬಳಿ, ಶಾಲು, ಹುಲ್ಲಿನ ಮೂಟೆ. ಮುದುಕ ಪೂರ್ತಿ ಕೇಳಿಸಿಕೊಂಡ.

“ಕಟ್ಟಾಕದೂ ತೋರುಸ್ಬೇಕಂತಾ?” ಎಂದು ಕೇಳಿದ.

ಕೇರಿಯಲ್ಲಿ ಎಲ್ಲರೂ ಬಲ್ಲ ಕಥೆ ಅದು. ಆದರೆ ಅವನ ಬಾಯಿಂದ ರೇವಮ್ಮ ಒಮ್ಮೆಯೂ ಕೇಳಿರಲಿಲ್ಲ. ಆವತ್ತು ಅವನೇ ಹೇಳಿದ.

“ಆಗಿನ್ನೂ ನಿನ್ ಗಂಡ ಹುಟ್ಟಿರ್ನಿಲ್ಲ ಕಣವ್ವ. ಮೂಟೆ ತಂದು ಕಲ್ ಮ್ಯಾಲೆ ಮಡಗ್ದೆ. ಮಳೆ ಹಿಡ್ಕತು. ಬುದ್ದೀ ಬುದ್ದೀ ಅಂತ ಕೂಗ್ದೆ, ಕೂಗ್ದೆ. ಮಳೇಲಿ ಯಾವನ್ ಬತ್ತಾನೆ ಈಚ್ಗೆ? ಭತ್ತ ನೆನ್ದೋಯ್ತದಲ್ಲ ಅಂತ ಹೊಟ್ಟೆ ಉರೀತು. ನಾನ್ ಬೆಳ್ದಿದ್ ಭತ್ತ. ಎತ್ಕಂಡು ಓಡೋಗಿ ಗುಡಿ ಜಗ್ಲಿ ಮ್ಯಾಲೆ ಮಡಗ್ದೆ.” ಅವನು ನೆತ್ತಿ ಸವರಿಕೊಂಡ. “ಅದೇ ಕಲ್ಲಿನ್ ಕಂಬಕ್ಕೆ ಕಟ್ಟಿದ್ರು. ಹೊತ್ ಮುಳುಗೋಗಂಟ. ಬಾರ್‌ಕೋಲಲ್ಲಿ ಹೊಡುದ್ರು. ಇವ್ನ್ ತಾತನೇ. ತಮ್ಮಣ್ಣನ್ ತಾತ.”

“ಭತ್ತ ಏನಾಯ್ತು ಮಾವ?”

“ನೆನೀಬಾರ್ದು ಅಂತ ಒಳಕ್ ಮಡಗಿದ್ನಲ್ಲ. ನಾನ್ ಮುಟ್ಟಿ ಗುಡಿಗೆ ಹೋದದ್ದು, ಸುದ್ದ ಆಗ್ಬೇಕು ಅಂತ ಅದ್ರ್ ಮ್ಯಾಲೆ ಬಿಂದ್ಗೆ ಬಿಂದ್ಗೆ ನೀರ್ ಸುರುದ್ರು. ಕೊನ್ಗೂ ನೆನೀತು.”

ಹೇಳಿ ನಕ್ಕ. ಹಲ್ಲಿಲ್ಲದ ಬಾಯಿಯ ನಗು. ರೇವಮ್ಮನಿಗೆ ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ತಮ್ಮಣ್ಣನ ಮೇಲೆ ಉರಿಯಿತು, ಅವನ ತಾತನ ಮೇಲೆ ಉರಿಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಹೋದ ವರ್ಷ ನಸುಕಿನಲ್ಲಿ ಕಳ್ಳಿಯ ಹಾಗೆ ಮೂಟೆ ಇಟ್ಟು ಬಂದ ತನ್ನ ಮೇಲೆಯೇ ಉರಿಯಿತು.

“ನೀವು ಒರ್ಬೇಡಿ ಮಾವ,” ಅಂದಳು.

“ಬ್ಯಾಡ ಅಂದ್ರೆ ಬುಟ್ಟಾರಾ ಅವ್ರು?”

“ಒರೋದು ನಾನು.”

“ಅಂಗಾರೆ ಅದೇ ಆಯ್ತಲ್ಲವ್ವ,” ಅಂದ ಮುದುಕ.

ಮಾರನೆಯ ದಿನ ನಾಗೇಶ್ ಕಂಬಳಿ, ಹುಲ್ಲು ತುಂಬಿದ ಮೂಟೆ ಎರಡನ್ನೂ ಆಟೊದಲ್ಲಿ ಹಾಕಿಸಿಕೊಂಡು ಬಂದ. ಒಳ್ಳೆಯ ಹುಡುಗ. ಪಟ್ಟಣದವನು, ಯಾರ ಮನೆಯಲ್ಲಿ ಬೇಕಾದರೂ ನೀರು ಕುಡಿಯುತ್ತಿದ್ದ. ಮಂಚಯ್ಯನಿಗೆ ಹೊರೆ ಹೊರುವುದು ಹೇಗೆಂದು ಹೇಳಿಕೊಟ್ಟ.

“ಸ್ವಲ್ಪ ಬಗ್ಗಿ ನಡೀಬೇಕು ತಾತ. ಭಾರ ಇದೆ ಅಂತ ಕಾಣಬೇಕು. ಇಳಿಸಿದ ಮೇಲೆ ಹೀಗೆ ಬೆವರು ಒರೆಸ್ಕೊಂಡು, ಕಲ್ಲಿಗೆ ಕೈ ಮುಗೀರಿ.”

“ಬೆವರು ಬರ್ಬೇಕಲ್ಲ ಸಾ, ಹುಲ್ಲಿಗೆ.”

“ನೀರು ಚಿಮುಕಿಸ್ತೀವಿ.”

“ಆಗ್ಲೂ ಚಿಮುಕಿಸ್ತಿದ್ರು ಬುಡಿ,” ಅಂದ ಮಂಚಯ್ಯ. ನಾಗೇಶನಿಗೆ ತಿಳಿಯಲಿಲ್ಲ. ಸಂತೋಷದಿಂದ ಹೋದ.

ಸಮಾರಂಭದ ದಿನ ಬೆಳಿಗ್ಗೆ ರೇವಮ್ಮ ಮೂಟೆಯ ಬಾಯಿ ಬಿಚ್ಚಿದಳು. ಹುಲ್ಲನ್ನೆಲ್ಲ ತೆಗೆದು ಹಸುವಿನ ಮುಂದೆ ಹಾಕಿದಳು. ಒಳಗಿಂದ ಹೊಸ ಭತ್ತ ತಂದು ತುಂಬಿದಳು. ಕಂಠಮಟ್ಟ ತುಂಬಿ, ಕುಕ್ಕಿ, ಮತ್ತೆ ತುಂಬಿ ಹೊಲಿದಳು. ಒಳ್ಳೆಯ ಅಂಚಿನ ಸೀರೆ ಉಟ್ಟಳು. ಕಾರ್ಯಕ್ರಮಕ್ಕೆ ಉಡಿ ಎಂದು ನಾಗೇಶನೇ ಹೇಳಿದ್ದ ಸೀರೆ. ಹಳೇ ಪಂಚೆ ಸುತ್ತಿ ಸಿಂಬೆ ಮಾಡಿ ತಲೆಗಿಟ್ಟುಕೊಂಡಳು. ಪಕ್ಕದ ಮನೆಯ ಪಾರ್ವತಮ್ಮನನ್ನು ಕೂಗಿದಳು. ಇಬ್ಬರೂ ಸೇರಿ ಮೂಟೆಯನ್ನು ಮೊಣಕಾಲಿಗೆ, ಮೊಣಕಾಲಿಂದ ಎದೆಗೆ, ಎದೆಯಿಂದ ತಲೆಗೆ ಎತ್ತಿದರು. ಕುತ್ತಿಗೆಯ ನರ ಲಟಕ್ಕೆಂದಿತು.

“ಭಾರ ಕಣೆ ರೇವಿ. ಅಧ್ಯಕ್ಷೆ ನೀನು, ನಿಂಗ್ಯಾಕ್ ಬೇಕೆ ಇದು?” ಅಂದಳು ಪಾರ್ವತಮ್ಮ.

“ಅಧ್ಯಕ್ಷೆ ಅಂತ್ಲೇ ಬೇಕು ಕಣಕ್ಕ. ನಡಿ.”

ಗುಡಿ ಬೀದಿಯಲ್ಲಿ ಮೈಕು ಕಿರುಚುತ್ತಿತ್ತು. ಕಲ್ಲಿಗೆ ಸುಣ್ಣ, ಕಾವಿ ಬಳಿದು, ಸುತ್ತ ಹೊಳೆಯುವ ಸ್ಟೀಲಿನ ಕಟಕಟೆ ಹಾಕಿ, ಹಾರ ಹಾಕಿದ್ದರು. ಮೂಟೆ ಇಳಿಸಲಿಕ್ಕೆಂದು ಕೆಳಗಿನ ಕಡೆ ಮಾತ್ರ ಕಟಕಟೆ ತೆರೆದಿತ್ತು. ಆ ಪಕ್ಕದಲ್ಲೇ ಶಾಮಿಯಾನ, ಒಂಟಿ ಕುರ್ಚಿ. ಮೇಲ್ಗಡೆ ಗುಡಿಯ ಮುಂದೆ ವೇದಿಕೆ. ತಮ್ಮಣ್ಣ ಭಾಷಣದ ಮಧ್ಯದಲ್ಲಿದ್ದ.

“ನಮ್ಮ ಹಿರಿಯರಲ್ಲಿ ಭೇದಭಾವ ಇರಲಿಲ್ಲ ಮೇಡಂ. ಬಡವನ ತಲೆ ಮೇಲಿನ ಭಾರ ಕಂಡು ಕರಗಿದ ಹೃದಯ ಅದು. ಆ ಪರಂಪರೆಯನ್ನ ನಾವು ಇಂದಿಗೂ...”

ಜನ ತಿರುಗಿ ನೋಡಿದರು. ತಮ್ಮಣ್ಣನೂ ನೋಡಿದ. ಕೇರಿಯ ಕಡೆಯಿಂದ ಮೂಟೆಯೊಂದು ಬರುತ್ತಿತ್ತು. ಅದರ ಕೆಳಗೆ ಕಂಬಳಿ ಹೊದ್ದ ಮುದುಕನಿರಲಿಲ್ಲ. ಜರಿಯಂಚಿನ ಸೀರೆಯಿತ್ತು. ಹಿಂದೆ ಪಾರ್ವತಮ್ಮ, ಅವಳ ಹಿಂದೆ ಕೇರಿಯ ಹೆಂಗಸರು, ಕೊನೆಯಲ್ಲಿ ಕೋಲೂರಿಕೊಂಡು ಮಂಚಯ್ಯ. ಮೇಡಂ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದಲ್ಲಿದೆ ಎಂದುಕೊಂಡು ಎಲ್ಲರೂ ತಟ್ಟಿದರು.

ರೇವಮ್ಮ ಕಲ್ಲಿನ ಹತ್ತಿರ ಬಂದಳು. ಬೆವರು ಕಣ್ಣಿಗಿಳಿಯುತ್ತಿತ್ತು. ಯಾರೂ ಚಿಮುಕಿಸುವ ಅಗತ್ಯವಿರಲಿಲ್ಲ. ನಾಗೇಶ್ ತಟ್ಟೆಯಲ್ಲಿ ಕತ್ತರಿ ಹಿಡಿದು ಓಡಿ ಬಂದ. ಅವಳ ಎರಡು ಕೈಯೂ ಮೂಟೆಯ ಮೇಲಿದ್ದವು.

“ಇಳಿಸಿ ಅಧ್ಯಕ್ಷರೇ, ಕಲ್ಲಿನ ಮೇಲೆ ಇಳಿಸಿ,” ಎಂದು ಪಿಸುಗುಟ್ಟಿದ.

ಪಕ್ಕದಲ್ಲೇ ಕಲ್ಲು. ತಲೆಯನ್ನು ತುಸು ವಾಲಿಸಿದರೆ ಸಾಕು, ಭಾರವೆಲ್ಲ ಜಾರಿ ಹೋಗುತ್ತದೆ. ಕುತ್ತಿಗೆ ಅದನ್ನೇ ಬೇಡುತ್ತಿತ್ತು. ಮಾವನ ಕುತ್ತಿಗೆ ಬೇಡಿದ್ದೂ, ಗಂಡನ ಕುತ್ತಿಗೆ ಬೇಡಿದ್ದೂ ಅದನ್ನೇ. ರೇವಮ್ಮ ವಾಲಿಸಲಿಲ್ಲ. ಎದೆಯಿಂದಲೇ ರಿಬ್ಬನ್ನು ತಳ್ಳಿಕೊಂಡು ಮುಂದೆ ಹೋದಳು. ರಿಬ್ಬನ್ನು ಲೈಟು ಕಂಬದ ಕಡೆ ಕಿತ್ತುಕೊಂಡು ಅವಳ ಹೆಗಲಿಗೆ ಸುತ್ತಿಕೊಂಡಿತು. ಕಲ್ಲು ಹಿಂದೆ ಉಳಿಯಿತು. ಚಪ್ಪಾಳೆ ಒಬ್ಬೊಬ್ಬರದಾಗಿ ನಿಂತಿತು. ಮೇಡಂ ಮಾತ್ರ ಇನ್ನೂ ತಟ್ಟುತ್ತಿದ್ದರು.

ವೇದಿಕೆಯ ಮುಂದೆ ಹೋಗಿ ನಿಂತಳು.

“ತಮ್ಮಣ್ಣಾರೆ, ಇಳಿಸ್ಕಳಿ.”

ತಮ್ಮಣ್ಣನ ಕೈಯಲ್ಲಿ ಮೈಕಿತ್ತು. ಅದನ್ನು ಕೆಳಗಿಳಿಸುವುದು ಮರೆತ. ಹೀಗಾಗಿ ಅವನ ಗುಟ್ಟಿನ ಮಾತು ಊರಿಗೆಲ್ಲ ಕೇಳಿತು. “ಏನ್ ಮಾಡ್ತಿದ್ದೀಯ ನೀನು? ಕಲ್ಲಿನ್ ಮ್ಯಾಲೆ ಮಡ್ಗು ಓಗು.”

“ಕಲ್ಲು ದಣಿದೋರ್ಗೆ ಅಂತ ನೀವೇ ಬರ್ಸಿದ್ದೀರಿ. ನಂಗಿನ್ನೂ ದಣಿವಾಗಿಲ್ಲ. ದೇವ್ರ ಬಾಗ್ಲಗಂಟ ತಂದಿವ್ನಿ. ಒಸಿ ಕೈ ಹಾಕಿ ಇಳಿಸ್ಕಳಿ.”

ಮೇಡಂ ಥಟ್ಟನೆ ಎದ್ದರು. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿಯತೊಡಗಿದರು.

“ನೀವು ಬ್ಯಾಡಿ ಮೇಡಂ,” ಅಂದಳು ರೇವಮ್ಮ. “ನೀವ್ ಇಳಿಸ್ತೀರಿ, ನಂಗೊತ್ತು. ಕಾರ್ ಹತ್ತಿ ಹೋಗ್ಬುಡ್ತೀರಿ. ಈ ಊರೋರು ಇಳಿಸ್ಕಬೇಕು. ಇದು ಈ ಊರ ಪರಂಪ್ರೆ.”

ಮೇಡಂ ಮೆಟ್ಟಿಲ ಮೇಲೆಯೇ ನಿಂತರು. ಆಗ ಅವರಿಗೂ ಏನೋ ಹೊಳೆದಿರಬೇಕು. ತಿರುಗಿ ಆ ಬಣ್ಣದ ಬೋರ್ಡನ್ನು ಒಂದು ಸಲ, ಕಲ್ಲಿನ ಎತ್ತರವನ್ನು ಒಂದು ಸಲ ನೋಡಿದರು.

ವೇದಿಕೆಯ ಮೇಲೆ ಗಟ್ಟಿಮುಟ್ಟಾದ ಗಂಡಸರು ಸಾಲಾಗಿ ಕೂತಿದ್ದರು. ಒಬ್ಬ ಮೊಬೈಲು ನೋಡಿಕೊಂಡ. ಇನ್ನೊಬ್ಬನಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡಿತು. ಗುಡಿಯ ಬಾಗಿಲಲ್ಲಿ ತಮ್ಮಣ್ಣನ ತಾಯಿ ಜಯಲಕ್ಷ್ಮಮ್ಮ ತಂಬಿಗೆ ನೀರು ಹಿಡಿದು ನಿಂತಿದ್ದಳು. ಮೂಟೆಗೆ ಚಿಮುಕಿಸಲೆಂದು ತಂದದ್ದು. ಈಗ ಯಾರ ಮೇಲೆ ಚಿಮುಕಿಸಬೇಕೋ ಅವಳಿಗೂ ತಿಳಿಯಲಿಲ್ಲ.

“ಸರಿ ಸರಿ, ಅಲ್ಲೇ ಕೆಳಕ್ ಹಾಕ್ಬುಡು,” ಅಂದ ತಮ್ಮಣ್ಣ.

“ಅನ್ನ ಕಣಣ್ಣ. ಎತ್ತಾಕಕ್ಕೆ ಆಯ್ತದಾ?”

ಅವಳ ತೊಡೆಗಳು ನಡುಗುತ್ತಿದ್ದವು. ಜನ ಮೊಬೈಲು ಎತ್ತಿ ಹಿಡಿದಿದ್ದರು. ತಮ್ಮಣ್ಣ ಮೈಕು ಇಟ್ಟು ಕೆಳಗಿಳಿದ. ಎರಡು ಹೆಜ್ಜೆ ಇಟ್ಟ. ಕೈಗಳು ಸೊಂಟದ ಮಟ್ಟಕ್ಕೆ ಬಂದವು. ಅವನೇನೂ ರಾಕ್ಷಸನಲ್ಲ. ಅವಳ ಗಂಡ ಸತ್ತಾಗ ದೂರ ನಿಂತು ಅತ್ತವನು. ಇನ್ನೊಂದು ಗೇಣು ಮೇಲೆತ್ತಿದ್ದರೆ ಆಗಿಹೋಗುತ್ತಿತ್ತು. ಆದರೆ ತಾಯಿಯ ಕಡೆ ನೋಡಿದ, ಬೀದಿಯ ಕಡೆ ನೋಡಿದ, ಕೈಗಳನ್ನು ಮಡಿಸಿ ನಮಸ್ಕಾರ ಮಾಡಿಬಿಟ್ಟ. ಎದುರಿಗಿದ್ದವಳನ್ನು ಮುಟ್ಟದೆ ಗೌರವಿಸುವ ಸುಲಭದ ದಾರಿ ಅದು.

“ಗೊತ್ತಾಯ್ತು,” ಅಂದಳು ರೇವಮ್ಮ. “ಇಳಿಸ್ಕಳೋರು ಇಲ್ಲ ಅಂದ್ ಮ್ಯಾಲೆ ಭತ್ತ ನಮ್ದೇ.”

ತಿರುಗಿದಳು. ಬಂದ ದಾರಿಯಲ್ಲೇ ನಡೆದಳು. ಬೀದಿಯ ಕೊನೆಯಲ್ಲಿ ಮಂಚಯ್ಯ ಕಲ್ಲನ್ನು ದಾಟಿ ಗುಡಿಯ ಕಡೆಗೆ ಬಂದು ನಿಂತಿದ್ದ. ಯಾವಾಗ ದಾಟಿದನೋ ಯಾರೂ ನೋಡಿರಲಿಲ್ಲ. ಎಲ್ಲರೂ ಮೂಟೆಯನ್ನೇ ನೋಡುತ್ತಿದ್ದರು. ಸೊಸೆ ಹತ್ತಿರ ಬಂದಾಗ ಕೋಲು ಎತ್ತಿ ಬೋರ್ಡಿನ ಮೇಲೆ ಟಕಟಕ ಬಡಿದು, ಗಟ್ಟಿಯಾಗಿಯೇ ಅಂದ.

“ನಾಗೇಶಪ್ಪ, ಇಲ್ಲೇ ಇನ್ನೊಂದ್ ಗೆರೆ ಬರ್ಸಪ್ಪ. ಮಂಚಯ್ಯನ್ ಕಟ್ಟಾಕಿದ್ ಕಂಬ ಇದೇ ಅಂತ. ಹೊಡುದ್ಮೇಲೆ ಮೂರ್ ದಿನ ಇಸ್ರಾಂತಿ ಸಿಕ್ತು ನಂಗೆ. ಅದೊಂದ್ ನಿಜ.”

ಕೇರಿಯ ಬಾಯಿಗೆ ಬರುತ್ತಿದ್ದ ಹಾಗೆ ರೇವಮ್ಮನ ಕಾಲು ಸೋತಿತು. ಪಾರ್ವತಮ್ಮ ಮೂಟೆಗೆ ಕೈ ಹಾಕಿದಳು. ಆಮೇಲೆ ಯಾರ್ಯಾರ ಕೈಗಳೋ. ಮೂಟೆ ತಲೆಯಿಂದ ಎದೆಗೆ, ಎದೆಯಿಂದ ಮೊಣಕಾಲಿಗೆ, ಮೊಣಕಾಲಿಂದ ನೆಲಕ್ಕೆ ಇಳಿಯಿತು. ಒಂದು ಕಾಳೂ ಚೆಲ್ಲಲಿಲ್ಲ. ರೇವಮ್ಮ ಮೂಟೆಗೆ ಒರಗಿ ಕೂತು ಅತ್ತಳು. ನೋವಿಗೆ ಅತ್ತಳು, ಸಿಟ್ಟಿಗೆ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ತಮ್ಮಣ್ಣ ಬೈಕಿನಲ್ಲಿ ಬಂದ. ಕೇರಿಯ ಬಾಯಿಯ ನಲ್ಲಿ ಹತ್ತಿರ ನಿಲ್ಲಿಸಿ, ಇಳಿಯದೆ, ಹಾರ್ನ್ ಹೊಡೆದ. ರೇವಮ್ಮ ಪಂಚಾಯಿತಿಗೆ ಹೊರಟವಳು ಈಚೆಗೆ ಬಂದಳು. ಊರು ಪಟ್ಟಿಯಿಂದ ಬಿಟ್ಟುಹೋಗಿತ್ತು. ಆ ಬಗ್ಗೆ ಅವನು ಬಾಯಿ ಬಿಡಲಿಲ್ಲ. ದನಿ ಬೆಣ್ಣೆಯಾಗಿತ್ತು.

“ಆಗಿದ್ ಆಗೋಯ್ತು ಅಧ್ಯಕ್ಷ್ರೇ. ನಾಳೆ ಹುಗ್ಗಿ ಆಗ್ಬೇಕು ದೇವ್ರಿಗೆ. ನಿಮ್ ಗದ್ದೆ ಭತ್ತ ಬರ್ದೆ ಒಲೆ ಹತ್ತಿಸಾಂಗಿಲ್ಲ ಅಂತಾರೆ ನಮ್ಮವ್ವ. ತಲೆತಲಾಂತರದಿಂದ ಬಂದದ್ದು. ತಪ್ಪುಸ್ಬಾರ್ದು.”

“ತಪ್ಪುಸ್ಬೇಡಿ,” ಅಂದಳು ರೇವಮ್ಮ. “ಮೂಟೆ ನಮ್ ಅಂಗಳದಲ್ಲೇ ಅದೆ. ಹೊಲಿಗೆ ಸೈತ ಬಿಚ್ಚಿಲ್ಲ.”

ತಮ್ಮಣ್ಣನ ಮುಖ ಅರಳಿತು. “ಅಂಗಾರೆ ಬೆಳಿಗ್ಗೆ ಕಳಿಸ್ತೀರಾ?”

“ಕಳ್ಸಾದ್ ಯಾರ್ನ ಅಣ್ಣಾರೆ? ನೀವೇ ಬಂದಿದ್ದೀರಲ್ಲ. ಬೈಕ್ ನಿಲ್ಸಿ ಒಳಕ್ ಬನ್ನಿ. ನಾನೂ ಪಾರ್ವತಕ್ಕನೂ ಎತ್ತಿ ನಿಮ್ ತಲೆ ಮ್ಯಾಲೆ ಮಡಗ್ತೀವಿ. ಬೇಕಾದ್ರೆ ಸಿಂಬೆನೂ ಕೊಡ್ತೀನಿ.”

ತಮ್ಮಣ್ಣ ಬೈಕಿನ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡ.

“ದೂರ ಏನಿಲ್ಲ,” ಅಂದಳು ರೇವಮ್ಮ. “ದಾರೀಲಿ ಸುಸ್ತಾದ್ರೆ ಕಲ್ಲದೆ. ನಿಮ್ ಮುತ್ತಜ್ಜಂದೇ. ಇಳ್ಸಿ ಸುದಾರಿಸ್ಕಳಿ.”